ಡೀಸೆಲ್ ಬಿಡಲು ಹೊರಟ ಊರುಗಳಿಗೆ ದುಡ್ಡು ಎಲ್ಲಿಂದ?

ಕೆನಡಾದ ವಿದ್ಯುತ್ ಜಾಲಕ್ಕೂ ಅನಿಲದ ಕೊಳವೆ ಮಾರ್ಗಕ್ಕೂ ಸೇರದೆ ಉಳಿದಿರುವ ದೂರದ ಊರುಗಳು ಸುಮಾರು 280. ಅವುಗಳಲ್ಲಿ ವಾಸಿಸುವವರು ಎರಡು ಲಕ್ಷದ ಆಸುಪಾಸು. ಹೆಚ್ಚಿನವು ಮೂಲನಿವಾಸಿಗಳ ಊರುಗಳು: ಫಸ್ಟ್ ನೇಷನ್ಸ್ ಎಂದು ಕರೆಸಿಕೊಳ್ಳುವ ಸಮುದಾಯಗಳು, ಉತ್ತರ ಧ್ರುವದತ್ತ ಬದುಕುವ ಇನ್ಯುಟ್ ಜನ, ಮಿಶ್ರ ಮೂಲದ ಮೆಟಿ ಜನ. ದೇಶದ ಒಟ್ಟು ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿನಿಂದಲೇ ಬರುತ್ತದೆ. ಆದರೂ ಈ ಊರುಗಳ ದೀಪ ಉರಿಯುವುದು ಬಹುಪಾಲು ಡೀಸೆಲ್ ಜನರೇಟರಿನಿಂದ. ನುನಾವುಟ್ ಪ್ರಾಂತ್ಯದ 25 ಊರುಗಳಲ್ಲಿ ಒಂದಕ್ಕೂ ಹೊರಗಿನಿಂದ ವಿದ್ಯುತ್ ತಂತಿ ಬಂದಿಲ್ಲ. ಈ ಊರುಗಳು ಸ್ವಂತ ಸೌರ, ಗಾಳಿ, ಜಲ ಮತ್ತು ಮರದ ಇಂಧನಕ್ಕೆ ಹೊರಳಲು, ಮನೆಗಳಲ್ಲಿ ಇಂಧನದ ಪೋಲು ತಪ್ಪಿಸಲು ಹಣ ಹೊಂದಿಸುವ ಕೆಲಸ ಕಳೆದ ಹದಿನೈದು ವರ್ಷಗಳಲ್ಲಿ ಒಂದು ಪ್ರತ್ಯೇಕ ವ್ಯವಸ್ಥೆಯಾಗಿಯೇ ಬೆಳೆದಿದೆ.

ಡೀಸೆಲ್ ಆ ಊರುಗಳಿಗೆ ತಲುಪುವ ಬಗೆಯಿಂದಲೇ ಅದರ ನಿಜವಾದ ಬೆಲೆ ತಿಳಿಯುತ್ತದೆ. ಕಡಲ ತೀರದ ಊರುಗಳಿಗೆ ಬೇಸಿಗೆಯ ಕೆಲವೇ ವಾರಗಳಲ್ಲಿ ಹಡಗು ಬರುತ್ತದೆ. ಇಡೀ ವರ್ಷಕ್ಕೆ ಬೇಕಾದಷ್ಟನ್ನು ಆಗಲೇ ಟ್ಯಾಂಕುಗಳಿಗೆ ತುಂಬಿಕೊಳ್ಳಬೇಕು. ಒಳನಾಡಿನ ಊರುಗಳಿಗೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆ, ನದಿಗಳ ಮೇಲೆ ಮಾಡುವ ಹಿಮರಸ್ತೆಯೇ ದಾರಿ. ಚಳಿಗಾಲ ಸಡಿಲವಾಗುತ್ತ ಬಂದ ಹಾಗೆ ಆ ರಸ್ತೆ ಬಾಳುವ ದಿನಗಳೂ ಕಡಿಮೆಯಾಗುತ್ತಿವೆ. ರಸ್ತೆ ಬೇಗ ಕರಗಿದ ವರ್ಷ ಡೀಸೆಲ್ಲನ್ನು ವಿಮಾನದಲ್ಲಿ ಹೊತ್ತು ತರಬೇಕಾಗುತ್ತದೆ. ಹಳೆಯ ಟ್ಯಾಂಕುಗಳಿಂದ ಸೋರಿದ ಎಣ್ಣೆ ಊರ ನೆಲಕ್ಕೆ ಇಳಿದಿರುತ್ತದೆ. ಜನರೇಟರಿನ ಸಾಮರ್ಥ್ಯ ಮುಗಿದರೆ ಹೊಸ ಮನೆಗೆ ಸಂಪರ್ಕ ಕೊಡುವಂತಿಲ್ಲ. ಆಂಟಾರಿಯೊ ಪ್ರಾಂತ್ಯದ ವಾಯವ್ಯ ಭಾಗದ ಹಲವು ಊರುಗಳಲ್ಲಿ ಮನೆ ಕಟ್ಟಲು ಹಣವಿದ್ದೂ ವಿದ್ಯುತ್ ಸಂಪರ್ಕ ಸಿಗದೆ ಕೆಲಸ ನಿಂತದ್ದುಂಟು. ಒಂದೇ ಮನೆಯಲ್ಲಿ ಎರಡು ಮೂರು ಸಂಸಾರ ಇಕ್ಕಟ್ಟಿನಲ್ಲಿ ಇರುವುದಕ್ಕೆ ಇದೂ ಒಂದು ಕಾರಣ.

ಇಂಧನ ಸಂಶೋಧನಾ ಸಂಸ್ಥೆಯಾದ ಪೆಂಬಿನಾ ಇನ್‌ಸ್ಟಿಟ್ಯೂಟ್ 2020ರಲ್ಲಿ ಹಾಕಿದ ಲೆಕ್ಕದಂತೆ ಕೆನಡಾದ ದೂರದ ಊರುಗಳು ವರ್ಷಕ್ಕೆ ಸುಡುವ ಡೀಸೆಲ್ ಸುಮಾರು 68 ಕೋಟಿ ಲೀಟರ್. ಅದರಲ್ಲಿ ಮೂರನೇ ಎರಡು ಭಾಗದಷ್ಟು ಹೋಗುವುದು ವಿದ್ಯುತ್ತಿಗಲ್ಲ, ಮನೆ ಬೆಚ್ಚಗಿಡುವುದಕ್ಕೆ. ಈ ಒಂದು ಅಂಶವನ್ನು ಹಣ ಹಂಚುವವರು ಬಹುಕಾಲ ಮರೆತೇ ಇದ್ದರು.

ಡೀಸೆಲ್ ತೊರೆಯಲು ಈ ಊರುಗಳಿಗೆ ಕೊಡುವ ಹಣವನ್ನು ದಾನವೆಂದು ನೋಡುವುದು ತಪ್ಪು. ಬ್ರಿಟಿಷ್ ಕೊಲಂಬಿಯಾದಲ್ಲಿ ಪೀಸ್ ನದಿಗೆ 1960ರ ದಶಕದಲ್ಲಿ ಬೆನೆಟ್ ಅಣೆಕಟ್ಟು ಕಟ್ಟಿದಾಗ ವಿಲಿಸ್ಟನ್ ಜಲಾಶಯದ ಹಿನ್ನೀರು ತ್ಸೇ ಕೇ ಡೆನೆ ಜನರ ಬೇಟೆಯ ಕಾಡು, ಓಡಾಟದ ನದಿದಾರಿ, ಮನೆಗಳನ್ನು ನುಂಗಿತು. ಅಲ್ಲಿ ಹುಟ್ಟಿದ ವಿದ್ಯುತ್ತು ನೂರಾರು ಮೈಲಿ ತೆಂಕಣಕ್ಕೆ ಹರಿದು ನಗರಗಳನ್ನು ಬೆಳಗಿತು. ಜಲಾಶಯದ ಬಡಗು ತುದಿಗೆ ಹೋಗಿ ನೆಲೆಸಿದ ಆ ಜನರ ಊರಿಗೂ, ಅದರಾಚೆಯ ಕ್ವಡಾಚಾಕ್ಕೂ ಸಿಕ್ಕಿದ್ದು ಡೀಸೆಲ್ ಜನರೇಟರ್. ಯಾರ ನೆಲ ಮುಳುಗಿತೋ ಅವರಿಗೇ ಕರೆಂಟಿಲ್ಲ ಎಂಬ ಈ ಮಾತು ಶರಾವತಿ, ಕಾಳಿ ಕಣಿವೆಗಳ ಕಥೆ ಬಲ್ಲ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದದ್ದಲ್ಲ.

ಬ್ಯಾಂಕು ಏಕೆ ಸಾಲ ಕೊಡುವುದಿಲ್ಲ

ಊರೊಂದು ತಾನೇ ಸಾಲ ಮಾಡಿ ಸೌರ ಫಲಕ ಹಾಕಿಕೊಳ್ಳಬಹುದಲ್ಲ ಎಂದು ಕೇಳುವವರು ಕೆನಡಾದಲ್ಲೂ ಇದ್ದಾರೆ. ಅದಕ್ಕೆ ಉತ್ತರ 1876ರಲ್ಲಿ ಬಂದ ಇಂಡಿಯನ್ ಆಕ್ಟ್ ಎಂಬ ಕಾಯ್ದೆಯಲ್ಲಿದೆ. ಅದರ ಪ್ರಕಾರ ಫಸ್ಟ್ ನೇಷನ್ಸ್ ಜನರಿಗೆ ಬಿಟ್ಟ ಮೀಸಲು ಜಮೀನಿನ ಒಡೆತನ ಸರ್ಕಾರದ್ದು. ಅನುಭೋಗ ಮಾತ್ರ ಸಮುದಾಯದ್ದು. ಇಂದಿನ ಕಾಯ್ದೆಯ 89ನೇ ಕಲಮು ಇನ್ನೂ ಒಂದು ಕಟ್ಟು ಹಾಕುತ್ತದೆ: ಮೀಸಲು ನೆಲದ ಮೇಲಿರುವ ಅವರ ಆಸ್ತಿಯನ್ನು ಹೊರಗಿನವರು ಅಡವಿಟ್ಟುಕೊಳ್ಳುವಂತಿಲ್ಲ, ಜಪ್ತಿ ಮಾಡುವಂತಿಲ್ಲ. ಜಮೀನು ಹೊರಗಿನವರ ಕೈಸೇರದಂತೆ ಕಾಪಾಡಲು ಇದು ಬೇಕಾದದ್ದೇ. ಆದರೆ ಅಡವಿಗೆ ಏನೂ ಇಲ್ಲದವರಿಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಕೊಟ್ಟರೂ ಬಡ್ಡಿ ದುಬಾರಿ. ನಗರದ ಪಕ್ಕದ ಸಾಮಾನ್ಯ ಸೌರ ಯೋಜನೆಗೆ ಸುಲಭವಾಗಿ ಸಿಗುವ ಬಂಡವಾಳ ಇವರಿಗೆ ಮೊದಲ ಹೆಜ್ಜೆಯಲ್ಲೇ ತಪ್ಪಿಹೋಗುತ್ತದೆ.

ಇದರ ಜೊತೆಗೆ ಗಾತ್ರದ ಸಮಸ್ಯೆ. ಇನ್ನೂರೈವತ್ತು ಜನರ ಊರಿಗೆ ಬೇಕಾಗುವ ಸ್ಥಾವರ ಚಿಕ್ಕದು, ಆದರೆ ಅದನ್ನು ನಿಲ್ಲಿಸುವ ಖರ್ಚು ಚಿಕ್ಕದಲ್ಲ. ಎಂಜಿನಿಯರ್ ವಿಮಾನದಲ್ಲಿ ಬರಬೇಕು, ಕ್ರೇನು ಹಿಮರಸ್ತೆಯಲ್ಲಿ ಬರಬೇಕು, ಸದಾ ಹೆಪ್ಪುಗಟ್ಟಿರುವ ನೆಲದಲ್ಲಿ ಕಂಬ ನಿಲ್ಲಿಸಬೇಕು. ಒಂದು ಬಿಡಿಭಾಗ ಬರುವುದು ತಡವಾದರೆ ಕಟ್ಟುವ ಹಂಗಾಮೇ ಕಳೆದುಹೋಗುತ್ತದೆ. ಇವೆಲ್ಲಕ್ಕೂ ಮುನ್ನ ಗಾಳಿಯ ಅಳತೆ, ನೆಲದ ಪರೀಕ್ಷೆ, ಪರಿಸರದ ಅನುಮತಿ, ವಿದ್ಯುತ್ ಕಂಪನಿಯೊಡನೆ ಮಾತುಕತೆ. ಈ ಪೂರ್ವತಯಾರಿಗೆ ಎರಡು ಮೂರು ವರ್ಷ ಹಿಡಿಯುತ್ತದೆ, ಆ ಅವಧಿಯಲ್ಲಿ ಆದಾಯ ಒಂದು ಕಾಸೂ ಇರುವುದಿಲ್ಲ. ಹಲವು ಯೋಜನೆಗಳು ಸಾಯುವುದು ಈ ಹಂತದಲ್ಲೇ.

ಅನುದಾನದ ದಾರಿ

ಆರಂಭದ ಯೋಜನೆಗಳು ಸಿಕ್ಕ ಸಿಕ್ಕ ಕಡೆಯಿಂದ ಹಣ ಕೂಡಿಸಿ ಎದ್ದವು. ವ್ಯಾಂಕೂವರ್ ದ್ವೀಪದ ಟ್‌ಸೂಕ್ ಸಮುದಾಯ 2009ರಲ್ಲಿ 75 ಕಿಲೋವಾಟ್ ಸೌರ ಫಲಕಗಳನ್ನು ಹಾಕಿಕೊಂಡಿತು. ಜೊತೆಗೆ ಮನೆಗಳ ಛಾವಣಿಗೆ ಬಿಸಿನೀರಿನ ಸೌರ ಹೀಟರ್‌ಗಳು ಬಂದವು, ವಿದ್ಯುತ್ ಉಳಿತಾಯದ ಪಾಠ ಮನೆಮನೆಗೂ ನಡೆಯಿತು. ಇದಕ್ಕೆ ಹಣ ಬಂದದ್ದು ಒಂದೆರಡು ಕಡೆಯಿಂದಲ್ಲ. ಹತ್ತಾರು ಅರ್ಜಿ, ಹತ್ತಾರು ಷರತ್ತು. ಆಲ್ಬರ್ಟಾದ ಲಿಟ್ಲ್ ಬಫಲೊ ಊರಿನಲ್ಲಿ ಲೂಬಿಕಾನ್ ಕ್ರೀ ಜನಾಂಗದ ಮೆಲೀನಾ ಲಬೂಕನ್-ಮಾಸಿಮೊ 2015ರಲ್ಲಿ ಮುಂದೆ ನಿಂತು ಕಟ್ಟಿಸಿದ ಪೀಟಾಪನ್ ಸೌರ ಸ್ಥಾವರ ಇನ್ನೂ ಚಿಕ್ಕದು, 20.8 ಕಿಲೋವಾಟ್. ಊರ ಆರೋಗ್ಯ ಕೇಂದ್ರಕ್ಕೆ ಸಾಕಾಗುವಷ್ಟು. ಅದರ ಹಣ ಬಹುಪಾಲು ಖಾಸಗಿ ದಾನಿಗಳದ್ದು. ಸುತ್ತಲೂ ಎಣ್ಣೆ ಬಾವಿಗಳೇ ತುಂಬಿದ, 2011ರಲ್ಲಿ ಕೊಳವೆ ಒಡೆದು ಎಣ್ಣೆ ಚೆಲ್ಲಿದ ನೆಲದಲ್ಲಿ ಅದು ನಿಂತಿದೆ ಎಂಬುದು ಕಿಲೋವಾಟ್ ಲೆಕ್ಕಕ್ಕಿಂತ ದೊಡ್ಡ ವಿಷಯ.

ಫೆಡರಲ್ ಸರ್ಕಾರ ವ್ಯವಸ್ಥಿತವಾಗಿ ಕೈಹಾಕಿದ್ದು 2018ರಿಂದ. ನೈಸರ್ಗಿಕ ಸಂಪನ್ಮೂಲ ಇಲಾಖೆ ದೂರದ ಊರುಗಳ ಶುದ್ಧ ಇಂಧನಕ್ಕೆಂದು 22 ಕೋಟಿ ಕೆನಡಾ ಡಾಲರುಗಳ ಯೋಜನೆಯೊಂದನ್ನು ತಂದಿತು. ಸ್ಥಾವರ ಕಟ್ಟುವುದು, ಹೊಸ ತಂತ್ರಜ್ಞಾನದ ಪ್ರಯೋಗ, ಮರದ ಇಂಧನದಿಂದ ಶಾಖ, ಜನರ ತರಬೇತಿ ಎಲ್ಲವೂ ಅದರೊಳಗಿದ್ದವು. ಉತ್ತರದ ಪ್ರಾಂತ್ಯಗಳಿಗೆ ನಾರ್ದರ್ನ್ ರೀಚ್ ಎಂಬ ಪ್ರತ್ಯೇಕ ನಿಧಿ ಇತ್ತು. 2019ರಲ್ಲಿ ಡೀಸೆಲ್ ತೊರೆಯಲು ಹೊರಟ ಸಮುದಾಯಗಳ ಮುಂದಾಳುಗಳಿಗೆಂದೇ 2 ಕೋಟಿ ಡಾಲರುಗಳ ಇನ್ನೊಂದು ಯೋಜನೆ ಬಂತು. ಇದರ ಕ್ರಮ ಸ್ವಲ್ಪ ಬೇರೆ. ಮೊದಲು ಊರಿನಿಂದಲೇ ಒಬ್ಬರನ್ನು ಆರಿಸಿ ತರಬೇತಿ ಕೊಡುವುದು, ಆಮೇಲೆ ಅವರ ಮುಂದಾಳ್ತನದಲ್ಲಿ ಊರಿನ ಇಂಧನ ಯೋಜನೆ ಬರೆಸುವುದು, ಕಡೆಗೆ ಸ್ಥಾವರಕ್ಕೆ ಹಣ ಕೊಡುವುದು. ಮನುಷ್ಯರನ್ನು ಮೊದಲು ತಯಾರು ಮಾಡಿ ಯಂತ್ರವನ್ನು ಆಮೇಲೆ ತರುವ ಈ ಕ್ರಮವೇ ಸರಿ.

ನಿಧಿಗಳು ಹೆಚ್ಚಿದಂತೆ ಅರ್ಜಿ ಬರೆಯುವುದೇ ಒಂದು ಉದ್ಯೋಗವಾಯಿತು. ಒಂದೊಂದು ಇಲಾಖೆಗೆ ಒಂದೊಂದು ನಮೂನೆ, ಒಂದೊಂದು ಗಡುವು, ಒಂದೊಂದು ವರದಿ. ಮೂರು ಮಂದಿ ನೌಕರರಿರುವ ಸಮುದಾಯದ ಕಚೇರಿ ಇದನ್ನೆಲ್ಲ ನಿಭಾಯಿಸುವುದು ಹೇಗೆ? ಈ ದೂರು ಗಟ್ಟಿಯಾದ ಮೇಲೆ 2021ರಲ್ಲಿ ಹೊಸದಾಗಿ ಮಂಜೂರಾದ 30 ಕೋಟಿ ಡಾಲರುಗಳ ಜೊತೆಗೆ ಹಲವು ಇಲಾಖೆಗಳ ನಿಧಿಗಳನ್ನೂ ಸೇರಿಸಿ ವಾ-ಇಲಾ-ಟೂಸ್ ಎಂಬ ಏಕಗವಾಕ್ಷಿ ವ್ಯವಸ್ಥೆ ರೂಪುಗೊಂಡಿತು. ಅರ್ಜಿ ಒಂದೇ; ಅದು ಯಾವ ನಿಧಿಗೆ ಸರಿಹೊಂದುತ್ತದೆ ಎಂದು ನೋಡಿಕೊಳ್ಳುವುದು ಅಧಿಕಾರಿಗಳ ಹೊಣೆ. ಮೂಲನಿವಾಸಿಗಳೇ ಇರುವ ಸಲಹಾ ಮಂಡಳಿಯೂ ಇದಕ್ಕಿದೆ.

ಅನುದಾನದಿಂದ ಆಗುವುದೇನು ಎಂಬುದಕ್ಕೆ ಯೂಕಾನ್ ಪ್ರಾಂತ್ಯದ ಓಲ್ಡ್ ಕ್ರೋ ಊರು ಒಳ್ಳೆಯ ಉದಾಹರಣೆ. ಆರ್ಕ್ಟಿಕ್ ವೃತ್ತದ ಆಚೆ, ರಸ್ತೆಯೇ ಇಲ್ಲದ ಜಾಗ. ವುಂಟುಟ್ ಗ್ವಿಚಿನ್ ಜನರ ಸುಮಾರು 250 ಮಂದಿಯ ನೆಲೆ. ಡೀಸೆಲ್ ಬರುವುದು ವಿಮಾನದಲ್ಲೇ. ಸುತ್ತಣ ನೆಲದ ಹಿಮ ಕರಗಿ ಕೆರೆಗಳು ಬತ್ತುವುದನ್ನು ಕಣ್ಣಾರೆ ಕಂಡ ಈ ಸಮುದಾಯ 2019ರಲ್ಲಿ ಹವಾಮಾನ ತುರ್ತುಸ್ಥಿತಿ ಘೋಷಿಸಿತು. 2021ರಲ್ಲಿ 940 ಕಿಲೋವಾಟ್ ಸಾಮರ್ಥ್ಯದ, 2,160 ಫಲಕಗಳ ಸೌರ ಸ್ಥಾವರವೂ ಬ್ಯಾಟರಿ ವ್ಯವಸ್ಥೆಯೂ ಅಲ್ಲಿ ಕೆಲಸ ಶುರುಮಾಡಿದವು. ಚಳಿಗಾಲದಲ್ಲಿ ಅಲ್ಲಿ ಸೂರ್ಯ ಹುಟ್ಟದ ವಾರಗಳೂ ಉಂಟು, ಬೇಸಿಗೆಯಲ್ಲಿ ಸೂರ್ಯ ಮುಳುಗದ ವಾರಗಳೂ ಉಂಟು. ಬೇಸಿಗೆಯ ಆ ದಿನಗಳಲ್ಲಿ ಜನರೇಟರನ್ನು ಪೂರ್ತಿ ನಿಲ್ಲಿಸಬಹುದು. ದಶಕಗಳ ಕಾಲ ಹಗಲಿರುಳು ಗುಡುಗುತ್ತಿದ್ದ ಯಂತ್ರ ನಿಂತಾಗ ಊರಿನವರಿಗೆ ನದಿಯ ಸದ್ದು, ಹಕ್ಕಿಗಳ ಸದ್ದು ಕೇಳಿಸುವಂತಾಯಿತು. ವರ್ಷಕ್ಕೆ ಉಳಿಯುವ ಡೀಸೆಲ್ ಸುಮಾರು 1.89 ಲಕ್ಷ ಲೀಟರ್, ಅಂದರೆ ಊರಿನ ವಿದ್ಯುತ್ ಉತ್ಪಾದನೆಗೆ ಸುಡುವುದರಲ್ಲಿ ಕಾಲು ಭಾಗದಷ್ಟು.

ಆದರೆ ಓಲ್ಡ್ ಕ್ರೋದ ವಿಶೇಷ ಫಲಕಗಳಲ್ಲಿಲ್ಲ, ಕಾಗದಪತ್ರದಲ್ಲಿದೆ. ಸ್ಥಾವರದ ಒಡೆತನ ಸಮುದಾಯದ ಸರ್ಕಾರದ್ದು. ಅಲ್ಲಿಯ ವಿದ್ಯುತ್ ಕಂಪನಿಯಾದ ಆಟ್ಕೊ ಜೊತೆ 25 ವರ್ಷಗಳ ಖರೀದಿ ಒಪ್ಪಂದವಾಗಿದೆ. ಡೀಸೆಲ್ ಸುಟ್ಟು ಅಷ್ಟೇ ವಿದ್ಯುತ್ ತಯಾರಿಸಿದ್ದರೆ ಎಷ್ಟು ಖರ್ಚಾಗುತ್ತಿತ್ತೋ ಆ ಲೆಕ್ಕದಲ್ಲಿ ಕಂಪನಿ ಸಮುದಾಯಕ್ಕೆ ಹಣ ಕೊಡುತ್ತದೆ. ವರ್ಷಕ್ಕೆ ಸುಮಾರು ನಾಲ್ಕು ಲಕ್ಷ ಡಾಲರ್ ಹೀಗೆ ಊರಿಗೆ ಬರುವ ಅಂದಾಜಿದೆ. ಕಟ್ಟಲು ತಗುಲಿದ ಸುಮಾರು 65 ಲಕ್ಷ ಡಾಲರಿನಲ್ಲಿ ಹೆಚ್ಚಿನದು ಸರ್ಕಾರದ ಅನುದಾನವಾದ್ದರಿಂದ ಈ ಆದಾಯ ಬಡ್ಡಿಗೆ ಹೋಗದೆ ಊರಿನ ಕೆಲಸಕ್ಕೆ ಉಳಿಯುತ್ತದೆ. ಒಮ್ಮೆ ಕೊಟ್ಟ ಅನುದಾನ ಇಪ್ಪತ್ತೈದು ವರ್ಷ ವರಮಾನ ತರುವ ಆಸ್ತಿಯಾಗುವುದೆಂದರೆ ಇದೇ.

ಆಲ್ಬರ್ಟಾದ ಫೋರ್ಟ್ ಚಿಪೆವಾಯನ್‌ನಲ್ಲಿ ಎರಡು ಫಸ್ಟ್ ನೇಷನ್ಸ್ ಮತ್ತು ಮೆಟಿ ಸಮುದಾಯ ಸೇರಿ ತ್ರೀ ನೇಷನ್ಸ್ ಎನರ್ಜಿ ಎಂಬ ಸಂಸ್ಥೆ ಮಾಡಿಕೊಂಡು 2020ರಲ್ಲಿ ಕೆನಡಾದ ಅಂದಿನ ಅತಿ ದೊಡ್ಡ ಜಾಲರಹಿತ ಸೌರ ಸ್ಥಾವರ ಕಟ್ಟಿದವು. 5,760 ಫಲಕ, ವರ್ಷಕ್ಕೆ ಸುಮಾರು ಎಂಟು ಲಕ್ಷ ಲೀಟರ್ ಡೀಸೆಲ್ ಉಳಿತಾಯ. ಹಿಮರಸ್ತೆಯ ಮೇಲೆ ಓಡುವ ಟ್ಯಾಂಕರುಗಳಲ್ಲಿ ಇಪ್ಪತ್ತೈದರಷ್ಟು ಕಡಿಮೆಯಾದವು.

ದರದ ಸಿಕ್ಕು

ಖರೀದಿ ಒಪ್ಪಂದದ ದರ ಎಲ್ಲ ಕಡೆಯೂ ಓಲ್ಡ್ ಕ್ರೋದಷ್ಟು ಹಿತವಾಗಿಲ್ಲ. ಸೌರ ಸ್ಥಾವರ ಬಂದ ಮೇಲೂ ರಾತ್ರಿಗೆ, ಚಳಿಗಾಲಕ್ಕೆ ಡೀಸೆಲ್ ಜನರೇಟರ್ ಇರಲೇಬೇಕು. ಅದರ ನಿರ್ವಹಣೆ, ನೌಕರರು, ಸವಕಳಿ ಯಾವುದೂ ಕಡಿಮೆಯಾಗುವುದಿಲ್ಲ. ಉಳಿಯುವುದು ಎಣ್ಣೆಯ ದುಡ್ಡು ಮಾತ್ರ. ಆದ್ದರಿಂದ ಎಣ್ಣೆಯ ಉಳಿತಾಯಕ್ಕೆ ಸಮನಾದ ದರವನ್ನಷ್ಟೇ ಕೊಡುತ್ತೇವೆ ಎನ್ನುತ್ತವೆ ವಿದ್ಯುತ್ ಕಂಪನಿಗಳು. ಅದನ್ನು ಲೆಕ್ಕ ಹಾಕುವಾಗ ಸೋರಿದ ಎಣ್ಣೆಯಿಂದ ಕೆಟ್ಟ ನೆಲವನ್ನು ಶುಚಿಮಾಡುವ ವೆಚ್ಚವಾಗಲಿ, ಹೊಗೆಯಿಂದಾಗುವ ಕಾಯಿಲೆಯಾಗಲಿ, ಮುಂದೆ ಹೊಸ ಜನರೇಟರ್ ಕೊಳ್ಳುವ ಖರ್ಚಾಗಲಿ ಒಳಗೆ ಬರುವುದಿಲ್ಲ. ಇನ್ನೊಂದು ಕಡೆ, ಡೀಸೆಲ್ ವಿದ್ಯುತ್ತಿನ ನಷ್ಟವನ್ನು ಸರ್ಕಾರದ ಸಹಾಯಧನವೋ ಪ್ರಾಂತ್ಯದ ಉಳಿದ ಗ್ರಾಹಕರ ಬಿಲ್ಲೋ ತುಂಬಿಕೊಡುತ್ತದೆ. ಡೀಸೆಲ್ಲಿಗೆ ಹೋಗುವ ಈ ಸಹಾಯಧನ ಯಾರ ಕಣ್ಣಿಗೂ ಬೀಳದು. ಸೌರಕ್ಕೆ ಕೇಳಿದ ಅನುದಾನ ಮಾತ್ರ ಎಲ್ಲರಿಗೂ ಎದ್ದು ಕಾಣುತ್ತದೆ. ಇದು ನ್ಯಾಯದ ಲೆಕ್ಕವಲ್ಲ.

ಒಳ್ಳೆಯ ಒಪ್ಪಂದ ಸಿಕ್ಕರೆ ದೊಡ್ಡ ಕೆಲಸವೂ ಆಗುತ್ತದೆ. ಕ್ವಿಬೆಕ್‌ನ ಬಡಗಣ ಭಾಗದ ಕಡಲ ತೀರದ ಇನ್ಯುಕ್‌ಜುವಾಕ್ ಊರಿನ ಇನ್ಯುಟ್ ಜನರ ಪಿಟುವಿಕ್ ಸಂಸ್ಥೆ ಇನ್ನರ್ಜೆಕ್ಸ್ ಕಂಪನಿಯ ಜೊತೆಗೂಡಿ 7.5 ಮೆಗಾವಾಟ್ ಜಲವಿದ್ಯುತ್ ಸ್ಥಾವರ ಕಟ್ಟಿ 2023ರಲ್ಲಿ ಚಾಲೂ ಮಾಡಿತು. ಪ್ರಾಂತ್ಯದ ವಿದ್ಯುತ್ ಕಂಪನಿಯಾದ ಹೈಡ್ರೋ-ಕ್ವಿಬೆಕ್ 40 ವರ್ಷ ವಿದ್ಯುತ್ ಕೊಳ್ಳುವ ಕರಾರು ಮಾಡಿಕೊಂಡಿದೆ. ಆ ಕರಾರು ಇದ್ದದ್ದರಿಂದಲೇ ಸಾಲ ಸಿಕ್ಕಿತು. ಈ ಸ್ಥಾವರದ ವಿದ್ಯುತ್ತು ದೀಪಕ್ಕಷ್ಟೇ ಅಲ್ಲ, ಮನೆ ಕಾಯಿಸಲೂ ಸಾಕಾಗುವಂಥದು.

ಸಾಲ, ಖಾತರಿ, ಪಾಲು

ಅನುದಾನದಿಂದ ಊರೊಂದರ ಸ್ಥಾವರ ಏಳಬಹುದು, ನೂರಾರು ಕೋಟಿಯ ಯೋಜನೆ ಏಳದು. ಅಲ್ಲಿ ಸಾಲವೇ ಬೇಕು. ಅಡವಿನ ಸಮಸ್ಯೆಗೆ ಮೂಲನಿವಾಸಿಗಳೇ ಕಂಡುಕೊಂಡ ಒಂದು ಉತ್ತರ ಫಸ್ಟ್ ನೇಷನ್ಸ್ ಫೈನಾನ್ಸ್ ಅಥಾರಿಟಿ. 2005ರ ಕಾಯ್ದೆಯಡಿ ಹುಟ್ಟಿದ ಈ ಸಂಸ್ಥೆ ಹಲವು ಸಮುದಾಯಗಳ ಸಾಲದ ಬೇಡಿಕೆಗಳನ್ನು ಒಟ್ಟುಗೂಡಿಸಿ ಮಾರುಕಟ್ಟೆಯಲ್ಲಿ ಬಾಂಡ್ ಬಿಡುತ್ತದೆ. ಅಡವು ಜಮೀನಲ್ಲ, ಸಮುದಾಯಗಳಿಗೆ ಬರುವ ತೆರಿಗೆ, ಗುತ್ತಿಗೆ, ವ್ಯಾಪಾರದ ಆದಾಯ. 2014ರಲ್ಲಿ ಬಿಟ್ಟ ಮೊದಲ ಬಾಂಡ್ 9 ಕೋಟಿ ಡಾಲರಿನದು. ಒಂಟಿಯಾಗಿ ಹೋದರೆ ಬಾಗಿಲು ತೆರೆಯದ ಪೇಟೆ ಒಟ್ಟಾಗಿ ಹೋದಾಗ ಕಡಿಮೆ ಬಡ್ಡಿಗೆ ಸಾಲ ಕೊಟ್ಟಿತು.

ಇನ್ನೊಂದು ಉತ್ತರ ಸರ್ಕಾರದ ಸಾಲ ಖಾತರಿ. ಸರ್ಕಾರ ಕೈಯಿಂದ ಹಣ ಕೊಡುವುದಿಲ್ಲ. ಸಾಲ ತೀರದಿದ್ದರೆ ತಾನು ಹೊಣೆ ಎನ್ನುತ್ತದೆ. ಆ ಒಂದು ಮಾತಿಗೇ ಬಡ್ಡಿ ಇಳಿಯುತ್ತದೆ. ಆಂಟಾರಿಯೊ 2009ರಲ್ಲೇ 25 ಕೋಟಿ ಡಾಲರಿನಿಂದ ಇದನ್ನು ಆರಂಭಿಸಿತು. ಫೆಡರಲ್ ಸರ್ಕಾರ 2024ರ ಬಜೆಟ್ಟಿನಲ್ಲಿ 500 ಕೋಟಿ ಡಾಲರುಗಳ ಖಾತರಿ ಘೋಷಿಸಿ, ಮರುವರ್ಷ ಅದನ್ನು 1,000 ಕೋಟಿಗೆ ಏರಿಸಿತು. ಸಮುದಾಯಗಳು ದೊಡ್ಡ ಯೋಜನೆಗಳಲ್ಲಿ ಷೇರು ಕೊಳ್ಳಲು ಇದು ಅನುಕೂಲ. ಆದರೆ ಈ ಖಾತರಿ ಶುದ್ಧ ಇಂಧನಕ್ಕಷ್ಟೇ ಮೀಸಲಲ್ಲ. ಫೆಡರಲ್ ಖಾತರಿಯ ಮೊದಲ 40 ಕೋಟಿ ಡಾಲರ್ ಹೋದದ್ದು ಬ್ರಿಟಿಷ್ ಕೊಲಂಬಿಯಾದ ನೈಸರ್ಗಿಕ ಅನಿಲದ ಕೊಳವೆ ಮಾರ್ಗವೊಂದರಲ್ಲಿ ಫಸ್ಟ್ ನೇಷನ್ಸ್ ಪಾಲು ಕೊಳ್ಳುವುದಕ್ಕೆ. ಯಾವುದರಲ್ಲಿ ಹಣ ಹೂಡಬೇಕೆಂಬುದು ಆ ಸಮುದಾಯಗಳ ಹಕ್ಕು, ಅದನ್ನು ಹೊರಗಿನವರು ಪ್ರಶ್ನಿಸುವುದು ತರವಲ್ಲ. ಖಾತರಿಯ ಮೊತ್ತವನ್ನೆಲ್ಲ ಶುದ್ಧ ಇಂಧನದ ಲೆಕ್ಕಕ್ಕೆ ಬರೆದುಕೊಳ್ಳುವುದು ಮಾತ್ರ ತಪ್ಪಾಗುತ್ತದೆ.

ಪಾಲುಗಾರಿಕೆಯ ಅತಿ ದೊಡ್ಡ ಉದಾಹರಣೆ ವಟಾಯ್‌ನಿಕನೆಯಾಪ್ ಪವರ್. ಆಂಟಾರಿಯೊದ ವಾಯವ್ಯ ಕಾಡಿನಲ್ಲಿ ಡೀಸೆಲ್ ನಂಬಿದ್ದ 17 ಊರುಗಳಿಗೆ ವಿದ್ಯುತ್ ಜಾಲ ಮುಟ್ಟಿಸಲು 1,800 ಕಿಲೋಮೀಟರ್ ತಂತಿ ಎಳೆಯುವ ಕೆಲಸ. 24 ಫಸ್ಟ್ ನೇಷನ್ಸ್ ಸೇರಿ ಶೇಕಡಾ 51ರಷ್ಟು ಒಡೆತನ ಹೊಂದಿವೆ, ಉಳಿದದ್ದು ಫೋರ್ಟಿಸ್ ಮತ್ತಿತರ ಖಾಸಗಿ ಹೂಡಿಕೆದಾರರದು. 190 ಕೋಟಿ ಡಾಲರಿನ ಈ ಯೋಜನೆಗೆ ಫೆಡರಲ್ ಸರ್ಕಾರ 2018ರಲ್ಲಿ 160 ಕೋಟಿ ಒದಗಿಸಲು ಒಪ್ಪಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮೊದಲು ಸಂಪರ್ಕ ಪಡೆದದ್ದು ಪಿಕಾಂಜಿಕಮ್. ಜನರೇಟರ್ ತಾಳಲಾರದೆ ಮತ್ತೆಮತ್ತೆ ಕತ್ತಲಾಗುತ್ತಿದ್ದ, ಕರೆಂಟು ಹೋದರೆ ಶಾಲೆ ಮುಚ್ಚುತ್ತಿದ್ದ ಊರು ಅದು. ಉಳಿದ ಮಾರ್ಗದ ನಿರ್ಮಾಣ 2024ರಲ್ಲಿ ಮುಗಿಯಿತು. ಇಲ್ಲಿ ಸೌರವೂ ಇಲ್ಲ, ಗಾಳಿಯಂತ್ರವೂ ಇಲ್ಲ, ಬರಿ ತಂತಿ. ಆದರೂ ಡೀಸೆಲ್ ತೊಲಗಿಸುವಲ್ಲಿ ಇದರಷ್ಟು ಕೆಲಸ ಮಾಡಿದ ಇನ್ನೊಂದು ಯೋಜನೆ ಕೆನಡಾದಲ್ಲಿ ಇಲ್ಲ.

ಸರ್ಕಾರ ಒಂದು ಪೈಸೆ ಕೊಡದೆಯೂ ಬಂಡವಾಳ ಹರಿಯುವಂತೆ ಮಾಡಬಹುದೆಂದು ಬ್ರಿಟಿಷ್ ಕೊಲಂಬಿಯಾ ತೋರಿಸಿದೆ. ಅಲ್ಲಿನ ವಿದ್ಯುತ್ ಕಂಪನಿಯಾದ ಬಿ.ಸಿ. ಹೈಡ್ರೋ 2024ರಲ್ಲಿ ವಿದ್ಯುತ್ ಖರೀದಿಗೆ ಟೆಂಡರ್ ಕರೆದಾಗ ಪ್ರತಿ ಯೋಜನೆಯಲ್ಲಿ ಫಸ್ಟ್ ನೇಷನ್ಸ್ ಒಡೆತನ ಕನಿಷ್ಠ ಶೇಕಡಾ 25 ಇರಲೇಬೇಕು ಎಂಬ ಷರತ್ತು ಹಾಕಿತು. ಕೊನೆಗೆ ಆಯ್ಕೆಯಾದ ಹತ್ತು ಯೋಜನೆಗಳಲ್ಲಿ (ಒಂಬತ್ತು ಪವನ, ಒಂದು ಸೌರ) ಅವರ ಪಾಲು ಶೇಕಡಾ 49ರಿಂದ 51ರಷ್ಟಿತ್ತು. ಷರತ್ತು ಕೇಳಿದ್ದಕ್ಕಿಂತ ಇಮ್ಮಡಿ. ಟೆಂಡರಿನ ಒಂದು ಸಾಲು ಹತ್ತು ಅನುದಾನ ಯೋಜನೆಗಳಿಗಿಂತ ಹೆಚ್ಚು ಕೆಲಸ ಮಾಡಿತು.

ಇದೇ ಮಾತಿಗೆ ಕಹಿಯಾದ ಇನ್ನೊಂದು ಮುಖ ಆಂಟಾರಿಯೊದ್ದು. 2009ರ ಹಸಿರು ಇಂಧನ ಕಾಯ್ದೆಯಡಿ ಆ ಪ್ರಾಂತ್ಯ ಮೂಲನಿವಾಸಿಗಳ ಯೋಜನೆಗಳಿಗೆ ಹೆಚ್ಚುವರಿ ದರ ಕೊಡುತ್ತಿತ್ತು. ಆ ಆಸರೆಯಿಂದ ಮ್ಯಾನಿಟೂಲಿನ್ ದ್ವೀಪದ ಮ್‌ಚಿಗೀಂಗ್ ಸಮುದಾಯ 2012ರಲ್ಲಿ 4 ಮೆಗಾವಾಟಿನ ಸ್ವಂತ ಪವನ ಸ್ಥಾವರ ನಿಲ್ಲಿಸಿತ್ತು. 2018ರಲ್ಲಿ ಸರ್ಕಾರ ಬದಲಾಯಿತು. ಹೊಸ ಸರ್ಕಾರ ಜುಲೈನಲ್ಲಿ 758 ನವೀಕರಿಸಬಹುದಾದ ಇಂಧನ ಒಪ್ಪಂದಗಳನ್ನು ಒಂದೇ ಏಟಿಗೆ ರದ್ದು ಮಾಡಿತು. ಅವುಗಳಲ್ಲಿ ಫಸ್ಟ್ ನೇಷನ್ಸ್ ಪಾಲಿದ್ದವೂ ಇದ್ದವು. ದೊಡ್ಡ ಕಂಪನಿ ಇಂಥ ಪೆಟ್ಟನ್ನು ತಡೆದುಕೊಂಡೀತು. ವರ್ಷಗಟ್ಟಲೆ ಕೂಡಿಟ್ಟ ಹಣವನ್ನೆಲ್ಲ ಪೂರ್ವತಯಾರಿಗೆ ಸುರಿದ ಸಮುದಾಯಕ್ಕೆ ಎರಡನೇ ಅವಕಾಶ ಸಿಗುವುದು ಅಪರೂಪ.

ಮರೆತುಹೋದ ದೊಡ್ಡ ಪಾಲು: ಬೆಚ್ಚನೆಯ ಮನೆ

ಡೀಸೆಲ್ಲಿನ ಹೆಚ್ಚಿನ ಪಾಲು ಮನೆ ಕಾಯಿಸಲು ಹೋಗುತ್ತದೆ ಎಂಬುದನ್ನು ಮೇಲೆ ಹೇಳಿದೆ. ಹಾಗಿದ್ದ ಮೇಲೆ ಅತಿ ಅಗ್ಗದ ಇಂಧನವೆಂದರೆ ಸುಡದೆ ಉಳಿಸಿದ ಇಂಧನ. 2021ರ ಜನಗಣತಿಯಂತೆ ಕೆನಡಾದ ಮೂಲನಿವಾಸಿಗಳಲ್ಲಿ ಆರು ಜನರಿಗೆ ಒಬ್ಬರಂತೆ ದೊಡ್ಡ ದುರಸ್ತಿ ಬೇಕಿರುವ ಮನೆಯಲ್ಲಿದ್ದಾರೆ. ಉಳಿದ ಪ್ರಜೆಗಳಲ್ಲಿ ಈ ಪ್ರಮಾಣ ಅದರ ಮೂರನೇ ಒಂದರಷ್ಟು. ದಕ್ಷಿಣದ ಹವೆಗೆಂದು ರೂಪಿಸಿದ ತೆಳು ಗೋಡೆಯ ಮನೆಗಳನ್ನು ಮೈನಸ್ ನಲವತ್ತರ ಚಳಿಗೆ ತಂದು ನಿಲ್ಲಿಸಿದ್ದರ ಫಲ ಅದು. ಕಿಟಕಿಯ ಸಂದಿಯಿಂದ ಶಾಖ ಹೊರಗೆ ಹೋಗುತ್ತದೆ, ಜನ ಕಿಕ್ಕಿರಿದ ಕೋಣೆಯ ತೇವ ಗೋಡೆಯಲ್ಲಿ ಬೂಷ್ಟಾಗುತ್ತದೆ, ಮಕ್ಕಳಿಗೆ ಉಬ್ಬಸ ಹಿಡಿಯುತ್ತದೆ. ಸಂದಿ ಮುಚ್ಚಿದರಷ್ಟೇ ಸಾಲದು. ಗಾಳಿ ಆಡುವ ವ್ಯವಸ್ಥೆಯನ್ನೂ ಜೊತೆಗೇ ಮಾಡದಿದ್ದರೆ ಬೂಷ್ಟು ಇನ್ನೂ ಹೆಚ್ಚುತ್ತದೆ.

ಇದಕ್ಕೆ ಹಣ ಸಿಗುವುದು ಸೌರಕ್ಕೆ ಸಿಗುವುದಕ್ಕಿಂತ ಕಷ್ಟ. ಸೌರ ಸ್ಥಾವರದ ಮುಂದೆ ನಿಂತು ಮಂತ್ರಿ ರಿಬ್ಬನ್ ಕತ್ತರಿಸಬಹುದು, ಗೋಡೆಯೊಳಗೆ ತುಂಬಿದ ಶಾಖ ನಿರೋಧಕ ಯಾರಿಗೂ ಕಾಣದು. 2021ರಲ್ಲಿ ಬಂದ ಫೆಡರಲ್ ಸರ್ಕಾರದ ಗ್ರೀನರ್ ಹೋಮ್ಸ್ ಯೋಜನೆ ಮನೆಗೆ 5,000 ಡಾಲರ್ ವರೆಗೆ ಕೊಟ್ಟಿತು. ಆದರೆ ಅದು ಮೊದಲು ಖರ್ಚು ಮಾಡಿ ಆಮೇಲೆ ಮರಳಿ ಪಡೆಯುವ ಕ್ರಮ. ಕೆಲಸಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಪರಿಶೀಲಕರು ಬಂದು ಮನೆ ಅಳೆಯಬೇಕು. ಕೈಯಲ್ಲಿ ಹಣವಿಲ್ಲದವರಿಗೆ, ಪರಿಶೀಲಕರು ವಿಮಾನದಲ್ಲಿ ಬರಬೇಕಾದ ಊರಿಗೆ ಇಂಥ ಕ್ರಮ ಒಗ್ಗುವುದಿಲ್ಲ. ಹೊಸ ಅರ್ಜಿ ಪಡೆಯುವುದನ್ನು ಆ ಯೋಜನೆ 2024ರಲ್ಲಿ ನಿಲ್ಲಿಸಿತು.

ಆದರೂ ಮಾಡಿ ತೋರಿಸಿದವರಿದ್ದಾರೆ. ಬ್ರಿಟಿಷ್ ಕೊಲಂಬಿಯಾದ ನಡುತೀರದ ಬೆಲ್ಲಾ ಬೆಲ್ಲಾ ಹೈಲ್ಟ್‌ಸುಕ್ ಜನರ ಊರು. 2016ರ ಅಕ್ಟೋಬರಿನಲ್ಲಿ ಅಮೆರಿಕದ ಟಗ್ ಬೋಟ್ ನಾಥನ್ ಇ. ಸ್ಟೂವರ್ಟ್ ಅಲ್ಲಿಯ ಬಂಡೆಗೆ ಸಿಕ್ಕಿ ಸುಮಾರು 1.1 ಲಕ್ಷ ಲೀಟರ್ ಡೀಸೆಲ್ ಕಡಲಿಗೆ ಚೆಲ್ಲಿತು. ತಲೆತಲಾಂತರದಿಂದ ಕಪ್ಪೆಚಿಪ್ಪು ಆಯುತ್ತಿದ್ದ ತೀರ ಕೆಟ್ಟಿತು. ಅದೇ ಡೀಸೆಲ್ ಆ ಊರಿನ ಮನೆಮನೆಯ ಹೀಟರಿನಲ್ಲೂ ಉರಿಯುತ್ತಿತ್ತು. ಊರಿಗೆ ವಿದ್ಯುತ್ತು ಬರುವುದು ಹತ್ತಿರದ ಓಷನ್ ಫಾಲ್ಸ್ ಜಲವಿದ್ಯುತ್ ಸ್ಥಾವರದಿಂದ. ಹೀಗಾಗಿ ಹೊಸ ಸ್ಥಾವರದ ಅಗತ್ಯವೇ ಇರಲಿಲ್ಲ, ಹೀಟರ್ ಬದಲಾಯಿಸಿದರೆ ಸಾಕಿತ್ತು. ಹೈಲ್ಟ್‌ಸುಕ್ ಆಡಳಿತ ನೂರಕ್ಕೂ ಹೆಚ್ಚು ಮನೆಗಳಿಗೆ ಹೀಟ್ ಪಂಪ್ ಹಾಕಿಸಿತು. ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಹೀರಿ ಒಳಗೆ ತರುವ ಈ ಯಂತ್ರ ಸಾಮಾನ್ಯ ವಿದ್ಯುತ್ ಹೀಟರಿಗಿಂತ ಎಷ್ಟೋ ಕಡಿಮೆ ವಿದ್ಯುತ್ ಬಳಸುತ್ತದೆ. ಬೇಸಿಗೆಯಲ್ಲಿ ತಂಪನ್ನೂ ಕೊಡುತ್ತದೆ. ಮನೆಯವರು ಅರ್ಜಿ ಹಿಡಿದು ಅಲೆಯಬೇಕಾಗಲಿಲ್ಲ. ಸಮುದಾಯವೇ ಹಣ ತಂದಿತು, ಸಮುದಾಯವೇ ಮನೆಗಳ ಪಟ್ಟಿ ಮಾಡಿತು.

ಇದಕ್ಕೂ ಹಳೆಯ ಪಾಠ ಕ್ವಿಬೆಕ್‌ನ ಊಜೆ-ಬೂಗೂಮೂ ಊರಿನದು. ಗಣಿಗಾರಿಕೆಗಾಗಿ ಮತ್ತೆಮತ್ತೆ ಎತ್ತಂಗಡಿಯಾದ ಈ ಕ್ರೀ ಸಮುದಾಯ 1990ರ ದಶಕದ ಆರಂಭದಲ್ಲಿ ಹೊಸ ಊರು ಕಟ್ಟಿಕೊಳ್ಳುವಾಗ ಒಂದು ಗಟ್ಟಿ ತೀರ್ಮಾನ ಮಾಡಿತು. ಪಕ್ಕದ ಗರಗಸದ ಕಾರ್ಖಾನೆ ಎಸೆಯುವ ಮರದ ಪುಡಿಯನ್ನು ಒಂದು ಕಡೆ ಉರಿಸಿ, ನೆಲದಡಿಯ ಕೊಳವೆಗಳಲ್ಲಿ ಬಿಸಿನೀರನ್ನು ಮನೆಮನೆಗೂ ಹರಿಸುವುದು. ಎಣ್ಣೆಗೆ ಕೊಡುತ್ತಿದ್ದ ಹಣ ಊರಲ್ಲೇ ಉಳಿಯಿತು, ಕುಲುಮೆ ನೋಡಿಕೊಳ್ಳುವ ಕೆಲಸವೂ ಊರವರಿಗೇ ಸಿಕ್ಕಿತು.

ಭಾರತದಲ್ಲಿ ಬುಡಕಟ್ಟುಗಳ ಶುದ್ಧ ಇಂಧನಕ್ಕೆ ಹಣ ಬೇರೆ ದಾರಿಯಲ್ಲಿ ಹರಿಯುತ್ತದೆ. ಅತಿ ದುರ್ಬಲ ಬುಡಕಟ್ಟುಗಳಿಗಾಗಿ 2023ರಲ್ಲಿ ಶುರುವಾದ ಪಿಎಂ-ಜನಮನ್ ಯೋಜನೆಯಡಿ ಕರೆಂಟಿಲ್ಲದ ಒಂದು ಲಕ್ಷ ಮನೆಗಳಿಗೆ ಸೌರ ವಿದ್ಯುತ್ ಕೊಡಲು 515 ಕೋಟಿ ರೂಪಾಯಿ ಮಂಜೂರಾಗಿದೆ. ತಂತಿ ಎಳೆಯಲಾಗದ ಮನೆಗೆ 0.3 ಕಿಲೋವಾಟ್, ಗರಿಷ್ಠ 50,000 ರೂಪಾಯಿ. ಕರ್ನಾಟಕದಲ್ಲಿ ಈ ಪಟ್ಟಿಗೆ ಸೇರಿದವರು ಜೇನುಕುರುಬರು ಮತ್ತು ಕೊರಗರು. ಕತ್ತಲಲ್ಲಿದ್ದ ಹಾಡಿಗೆ ಬೆಳಕು ಬರುವುದು ಸಣ್ಣ ಸಂಗತಿಯಲ್ಲ. ಆದರೆ ಇಲ್ಲಿ ಸಮುದಾಯ ಫಲಾನುಭವಿ ಮಾತ್ರ. ಓಲ್ಡ್ ಕ್ರೋದ ಹಾಗೆ ವಿದ್ಯುತ್ ಮಾರಿ ವರಮಾನ ಪಡೆಯುವ ಒಡೆಯನಾಗುವ ದಾರಿ ಈ ಯೋಜನೆಯೊಳಗಿಲ್ಲ.

ಕೆನಡಾದಲ್ಲಿ ಆ ದಾರಿ ಹಿಡಿದವರ ಸಂಖ್ಯೆ ಈಗ ಕಡಿಮೆಯಿಲ್ಲ. ಇಂಡಿಜಿನಸ್ ಕ್ಲೀನ್ ಎನರ್ಜಿ ಎಂಬ ಸಂಸ್ಥೆ 2020ರಲ್ಲಿ ಎಣಿಸಿದಾಗ ಮೂಲನಿವಾಸಿಗಳ ಪಾಲಿರುವ ಮಧ್ಯಮ ಮತ್ತು ದೊಡ್ಡ ಶುದ್ಧ ಇಂಧನ ಯೋಜನೆಗಳು 197 ಇದ್ದವು. 2016ರಿಂದ ಅದು ನಡೆಸುತ್ತಿರುವ ತರಬೇತಿಯಲ್ಲಿ ಕಲಿತವರು ತಮ್ಮ ಊರುಗಳಿಗೆ ಮರಳಿ ವಿದ್ಯುತ್ ಕಂಪನಿಗಳ ಎದುರು ಕೂತು ದರ ಚೌಕಾಸಿ ಮಾಡುತ್ತಿದ್ದಾರೆ. ಆದರೆ ಈ ಯೋಜನೆಗಳಲ್ಲಿ ಬಹುಪಾಲು ಈಗಾಗಲೇ ಜಾಲವಿರುವ ತೆಂಕಣ ಭಾಗದಲ್ಲಿವೆ. ಡೀಸೆಲ್ ಸುಡುವ ಬಡಗಣ ಊರುಗಳಲ್ಲಿ ಕೆಲಸ ಇನ್ನೂ ಅರೆಬರೆ; ಸೌರ ಬಂದ ಕಡೆಯೂ ಜನರೇಟರ್ ವರ್ಷದ ಹೆಚ್ಚಿನ ಕಾಲ ಓಡುತ್ತಲೇ ಇದೆ.

ಡೀಸೆಲ್ ನಂಬಿದ ಮೂಲನಿವಾಸಿ ಊರುಗಳೆಲ್ಲ 2030ರೊಳಗೆ ಶುದ್ಧ ವಿದ್ಯುತ್ತಿಗೆ ಬರಬೇಕೆಂದು ಲಿಬರಲ್ ಪಕ್ಷ 2019ರ ಚುನಾವಣೆಯಲ್ಲಿ ಮಾತು ಕೊಟ್ಟಿತ್ತು. ವಾ-ಇಲಾ-ಟೂಸ್ ಮೂಲಕ ಹೋಗುವ ಮುಖ್ಯ ನಿಧಿಯ ಅವಧಿ 2027ಕ್ಕೆ ಮುಗಿಯುತ್ತದೆ. ಪೂರ್ವತಯಾರಿಗೇ ಎರಡು ಮೂರು ವರ್ಷ, ಕಟ್ಟಲು ಒಂದೆರಡು ಹಂಗಾಮು ಬೇಕಾದ ಕೆಲಸಕ್ಕೆ ಐದೈದು ವರ್ಷದ ಕಂತಿನ ಹಣ ಸಾಲದು. ಹತ್ತು ಹದಿನೈದು ವರ್ಷಕ್ಕೆ ಖಚಿತವಾದ ನಿಧಿ, ಮನೆ ಬೆಚ್ಚಗಿಡಲು ಅದರಲ್ಲಿ ಪ್ರತ್ಯೇಕ ಪಾಲು, ಡೀಸೆಲ್ಲಿನ ಪೂರ್ತಿ ವೆಚ್ಚ ಲೆಕ್ಕ ಹಿಡಿದ ಖರೀದಿ ದರ, ಇವು ಮೂರೂ ಆಗದೆ ಆ ಮಾತು 2030ಕ್ಕೆ ನಡೆಯುವುದಿಲ್ಲ.